ಮಿತಿ ಒಂದು ಗ್ರಾಫ್‌ಗೆ ಮಾತ್ರ ಹತ್ತುತ್ತಿದ್ದರೆ

ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಂಗಳೂರು, ಉಡುಪಿ ಮಳೆಯ ಗ್ರಾಫ್‌ಗಳನ್ನು ಅಕ್ಕಪಕ್ಕ ಇಟ್ಟು, ಎರಡರ ಲಂಬ ಅಕ್ಷಕ್ಕೂ ಒಂದೇ ಮಿತಿ ಕೊಡಲು ಹೊರಟಿದ್ದೀರಿ; ಅದು ಒಂದಕ್ಕೆ ಮಾತ್ರ ಹತ್ತಿದೆ. ಇದಕ್ಕೆ ಲಂಬ ಅಕ್ಷದ ಮಿತಿ ಹೇಳುವ ನಿಮ್ಮ ಪಿಎಲ್‌ಟಿ.ವೈಲಿಮ್ ಸಾಲೇ ಕಾರಣವಿರಬೇಕು. ಅದು ಆ ಕ್ಷಣಕ್ಕೆ ಚಾಲ್ತಿಯಲ್ಲಿರುವ ಒಂದೇ ಚೌಕಟ್ಟಿಗೆ, ಅಂದರೆ ಒಂದೇ ಗ್ರಾಫ್‌ಗೆ, ಅನ್ವಯಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸಬ್‌ಪ್ಲಾಟ್ಸ್ ಬಳಸಿ ಎರಡು ಚೌಕಟ್ಟು ಮಾಡಿದಾಗ ಚಾಲ್ತಿಯದು ಕೊನೆಯದು. ಹಾಗಾಗಿ ಬಲಗಡೆಯ ಉಡುಪಿ ಮಳೆಗೆ 0ಯಿಂದ 1500 ಸಿಕ್ಕಿತು, ಎಡಗಡೆಯ ಮಂಗಳೂರು ತನ್ನದೇ ಅಳತೆಯಲ್ಲಿ ಉಳಿಯಿತು.

ಮೊದಲು ಆ ಸಾಲನ್ನು ಅಳಿಸಿ. ಸಬ್‌ಪ್ಲಾಟ್ಸ್ ಕರೆಯುವಲ್ಲಿ ಶೇರ್‌ವೈ=ಟ್ರೂ ಸೇರಿಸಿ; ಆಗ ಎರಡೂ ಚೌಕಟ್ಟುಗಳ ಲಂಬ ಅಕ್ಷಕ್ಕೆ ಒಂದೇ ಅಳತೆ. ಎರಡೂ ಗೆರೆಗಳನ್ನು ಎಳೆದ ಮೇಲೆ ಯಾವುದಾದರೂ ಒಂದು ಚೌಕಟ್ಟಿಗೆ ಸೆಟ್_ವೈಲಿಮ್(0, 1500) ಕೊಡಿ. ಇನ್ನೊಂದು ತಾನಾಗಿಯೇ ಅನುಸರಿಸುತ್ತದೆ. ಕೆಳಮಿತಿಯಷ್ಟೇ ಬೇಕಿದ್ದರೆ ಬಾಟಮ್=0 ಸಾಕು. ಆದರೆ ಅನುಕ್ರಮ ಮುಖ್ಯ: ಗೆರೆ ಎಳೆಯುವ ಮುನ್ನವೇ ಇದನ್ನು ಕೊಟ್ಟರೆ ಮೇಲ್ಮಿತಿ 1ರಲ್ಲೇ ನಿಂತುಬಿಡುತ್ತದೆ, ನಮ್ಮ ಜುಲೈ ಮಳೆಯೆಲ್ಲ ಚೌಕಟ್ಟಿನ ಹೊರಗೇ ಸುರಿಯುತ್ತದೆ!

ಅಕ್ಷದ ಅಂಕಿಗಳು 12, 980, 45 ಎಂದು ಹಿಂದುಮುಂದಾಗಿ ಕಾಣುತ್ತಿದ್ದರೆ ಸಮಸ್ಯೆ ಬೇರೆ. ಕಡತ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಮಳೆಯ ಕಾಲಂ ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಬಂದಿರುವ ಸಾಧ್ಯತೆಯೇ ಹೆಚ್ಚು. 1,120 ಎಂಬಲ್ಲಿನ ಅಲ್ಪವಿರಾಮ ಇದಕ್ಕೆ ಸಾಕು. ಕಡತವನ್ನು ಪಾಂಡಾಸ್‌ನಲ್ಲಿ (ಪೈಥಾನ್‌ನ ಕೋಷ್ಟಕ ನಿಭಾಯಿಸುವ ಲೈಬ್ರರಿ) ಓದುತ್ತಿದ್ದರೆ, ಓದುವ ಆದೇಶವಾದ ರೀಡ್_ಸಿಎಸ್‌ವಿಗೆ ಥೌಸಂಡ್ಸ್=',' ಸೇರಿಸಿ, ಪ್ರತಿ ಕಾಲಂ ಯಾವ ಬಗೆಯದು ಎಂದು ತೋರಿಸುವ ಡಿಟೈಪ್ಸ್ ಮುದ್ರಿಸಿ ನೋಡಿ. ಕಾಲಂ ಎದುರು ಇಂಟ್ (ಪೂರ್ಣಾಂಕ) ಅಥವಾ ಫ್ಲೋಟ್ (ದಶಮಾಂಶ ಸಂಖ್ಯೆ) ಎಂದು ಬಂದ ಮೇಲೆಯೇ ಮಿತಿಗೆ ಕೈಹಾಕಿ.