ಸಂಪಾದಕರ ಉತ್ತರ: ಪಟ್ಟಿಯಲ್ಲಿ ಹೆಸರಿಲ್ಲದ ಎಲುಬು ಡಾಕ್ಟರು

ಪತ್ರ: "ಮೂಳೆ ಶಸ್ತ್ರಚಿಕಿತ್ಸಕರೊಬ್ಬರು ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಗೆ ಸೇರಿದ ಸುದ್ದಿ ಹಾಕಿದ್ದಿರಿ. ಸಾವಿರಾರು ಸೈಟೇಶನ್, ಎಚ್-ಇಂಡೆಕ್ಸ್ ಎಂದೆಲ್ಲ ಇತ್ತು. ಹಾಗೆಂದರೇನು? ನಮ್ಮ ತಾಯಿಗೆ ಮಂಡಿ ಬದಲಿಸಬೇಕು ಅಂದಿದ್ದಾರೆ. ಇಂಥವರ ಹತ್ತಿರವೇ ಹೋಗಬೇಕೆ? ನಮ್ಮೂರ ಡಾಕ್ಟರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ." (ಓದುಗರೊಬ್ಬರು, ಚಿತ್ರದುರ್ಗ)

ಮಾನ್ಯರೇ,

ಆ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ನಿಮ್ಮೂರ ಡಾಕ್ಟರ ಕೊರತೆಯೇನಲ್ಲ. ಪಟ್ಟಿ ಮಾಡುವವರು ಆಪರೇಷನ್ನುಗಳನ್ನು ಎಣಿಸುವುದೇ ಇಲ್ಲ. ಒಬ್ಬರು ಬರೆದ ಸಂಶೋಧನಾ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಸೈಟೇಶನ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ದತ್ತಾಂಶ ಭಂಡಾರದಿಂದ ಈ ಲೆಕ್ಕ ತೆಗೆದು ಪಟ್ಟಿ ಮಾಡುತ್ತಾರೆ. ಅದರಲ್ಲಿ ಎರಡು ಬಗೆ: ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು. ತಮ್ಮ ಲೇಖನವನ್ನು ತಾವೇ ಹೆಸರಿಸಿಕೊಂಡದ್ದನ್ನು ಕಳೆದು ನೋಡಲೂ ಅಲ್ಲಿ ಅವಕಾಶವಿದೆ. ಪತ್ರಿಕಾ ಕಚೇರಿಗೆ ಬರುವ ಪ್ರಕಟಣೆಗಳಲ್ಲಿ ಮಾತ್ರ "ಸ್ಟ್ಯಾನ್‌ಫರ್ಡ್ ಪಟ್ಟಿ" ಎಂದಷ್ಟೇ ಇರುತ್ತದೆ, ಜೊತೆಗೊಂದು ಸನ್ಮಾನದ ಫೋಟೊ.

ಎಚ್-ಇಂಡೆಕ್ಸ್ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ. ತಲಾ ಕನಿಷ್ಠ 20 ಸಲ ಉಲ್ಲೇಖಗೊಂಡ 20 ಲೇಖನಗಳಿದ್ದರೆ ಎಚ್-ಇಂಡೆಕ್ಸ್ 20. ಗೂಗಲ್ ಸ್ಕಾಲರ್‌ನಲ್ಲಿ ನೋಡಿದರೆ ಅದೇ ವ್ಯಕ್ತಿಯ ಅಂಕಿ ಸ್ಕೋಪಸ್‌ಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪ್ರಬಂಧ, ವರದಿ ಎಲ್ಲವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಒಂದು ಲೇಖನ ಏಕೆ ಉಲ್ಲೇಖಗೊಳ್ಳುತ್ತದೆ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ಅಮೆರಿಕದ ವಿಲಿಯಂ ಹ್ಯಾರಿಸ್ 1969ರಲ್ಲಿ ಬರೆದದ್ದು ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲೊಂದು. ಪೆಟ್ಟುಬಿದ್ದು ಸವೆದ ಸೊಂಟದ ಕೀಲಿಗೆ ಲೋಹದ ಬಟ್ಟಲು ತೊಡಿಸುವ ಆಪರೇಷನ್ ಕುರಿತದ್ದು. ಆ ಆಪರೇಷನ್ ಯಾವತ್ತೋ ಮೂಲೆಗೆ ಸೇರಿತು. ಆದರೆ ನೋವೆಷ್ಟು, ಮೆಟ್ಟಿಲು ಹತ್ತಬಲ್ಲರೇ, ಕಾಲುಚೀಲ ಹಾಕಿಕೊಳ್ಳಬಲ್ಲರೇ ಎಂದು ನೂರಕ್ಕೆ ಅಂಕ ಕೊಡುವ ಕೋಷ್ಟಕವೊಂದು ಅದರೊಳಗಿತ್ತು. ಇವತ್ತಿಗೂ ಸೊಂಟದ ಬಗ್ಗೆ ಬರೆಯುವವರು ಆ ಕೋಷ್ಟಕಕ್ಕಾಗಿ ಹ್ಯಾರಿಸ್ ಹೆಸರು ಹಾಕುತ್ತಾರೆ.

ಇದಕ್ಕೆ ತೀರ ತಿರುಗುಮುರುಗು ಇಗ್ನಾಸಿಯೊ ಪೊನ್ಸೆಟಿ ಅವರ ಕಥೆ. ಸ್ಪೇನಿನವರು. ಅಲ್ಲಿನ ಅಂತರ್ಯುದ್ಧದಲ್ಲಿ ಗಣರಾಜ್ಯ ಪಕ್ಷದ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು, ಸೋತ ಮೇಲೆ ಫ್ರಾನ್ಸ್, ಮೆಕ್ಸಿಕೊ ದಾಟಿ 1941ರಲ್ಲಿ ಅಮೆರಿಕದ ಅಯೋವಾ ಸೇರಿದರು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿರುವ ಮಕ್ಕಳು, ನಮ್ಮಲ್ಲಿ ಸೊಟ್ಟ ಪಾದ ಅನ್ನುತ್ತೇವಲ್ಲ, ಅವರಿಗೆ ಚಾಕು ಹಾಕಿದರೆ ದೊಡ್ಡವರಾದ ಮೇಲೆ ಪಾದ ಪೆಡಸಾಗಿ ನೋಯುತ್ತದೆ ಎಂಬುದನ್ನು ಅಲ್ಲಿ ಕಂಡರು. ಅವರ ವಿಧಾನ ಕೈಚಳಕದ್ದು. ಪಾದದ ಹೊರಬದಿಯಲ್ಲಿ ಕಣಕಾಲಿನ ಟೇಲಸ್ ಮೂಳೆಯ ತಲೆ ಕೈಗೆ ಸಿಗುತ್ತದೆ. ಹೆಬ್ಬೆರಳನ್ನು ಅಲ್ಲಿ ಊರಿ, ಹಿಮ್ಮಡಿಯನ್ನು ಮುಟ್ಟದೆ, ಪಾದದ ಮುಂಭಾಗವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಬೇಕು. ತೊಡೆಯವರೆಗೆ ಪ್ಲಾಸ್ಟರ್ ಪಟ್ಟಿ. ವಾರಕ್ಕೊಮ್ಮೆ ಬಿಚ್ಚಿ ಇನ್ನಷ್ಟು ತಿರುಗಿಸಿ ಮತ್ತೆ ಪಟ್ಟಿ. ಐದಾರು ಪಟ್ಟಿಗೆ ಪಾದ ನೆಟ್ಟಗಾಗುತ್ತದೆ. ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಸಣ್ಣದಾಗಿ ಕತ್ತರಿಸಿ ಮೂರು ವಾರ ಕೊನೆಯ ಪಟ್ಟಿ, ಆಮೇಲೆ ಸರಳಿಗೆ ಜೋಡಿಸಿದ ಬೂಟು. ಈ ಬೂಟನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಿನವಿಡೀ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ಹಾಕಬೇಕು. ತಾಯ್ತಂದೆಯರು ಬೇಸತ್ತು ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ.

ಇದನ್ನವರು 1963ರಲ್ಲೇ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಆಪರೇಷನ್ನೇ ಎಲ್ಲರ ಮಾತು. 1995ರಲ್ಲಿ ಅವರ ಹಳೆಯ ರೋಗಿಗಳಲ್ಲಿ 45 ಮಂದಿಯನ್ನು ಸುಮಾರು ಮೂವತ್ತು ವರ್ಷಗಳ ನಂತರ ಪರೀಕ್ಷಿಸಿದ ವರದಿ ಬಂತು. ಶೇ 78 ಮಂದಿಯ ಪಾದ ಚೆನ್ನಾಗಿತ್ತು. ಹುಟ್ಟಿನಿಂದಲೂ ಪಾದ ನೆಟ್ಟಗಿದ್ದವರಲ್ಲೇ ಆ ಪ್ರಮಾಣ ಶೇ 85. ಮುಂದೆ ತಾಯ್ತಂದೆಯರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಮಕ್ಕಳನ್ನೆತ್ತಿಕೊಂಡು ಅಯೋವಾಕ್ಕೆ ಹೋಗತೊಡಗಿದ ಮೇಲೆ ವೈದ್ಯಲೋಕ ಅತ್ತ ತಿರುಗಿತು. ಆಗ ಪೊನ್ಸೆಟಿಗೆ ಎಂಬತ್ತು ದಾಟಿತ್ತು. 2009ರಲ್ಲಿ ತೀರಿಕೊಂಡರು. ಇವತ್ತು ಸೊಟ್ಟ ಪಾದದ ಬಗ್ಗೆ ಅವರ ಹೆಸರಿಲ್ಲದ ಲೇಖನ ಸಿಗುವುದು ಕಷ್ಟ. 1985ರಲ್ಲಿ ವಿಜ್ಞಾನಿಗಳ ಇಂಥ ಪಟ್ಟಿ ಮಾಡಿದ್ದರೆ ಅವರು ಎಲ್ಲಿರುತ್ತಿದ್ದರೋ, ನೀವೇ ಊಹಿಸಿ. ಚಿಕಿತ್ಸೆ ಆಗಲೂ ಅದೇ, ಕೈಯೂ ಅದೇ.

ಮೂಳೆ ವೈದ್ಯದಲ್ಲಿ ಈ ತಡ ಸಹಜ. ಕೃತಕ ಕೀಲು ಬಾಳಿತೇ ಎಂದು ತಿಳಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಸಂಶೋಧನಾ ಪತ್ರಿಕೆಗಳ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಣಿಸುವುದೋ ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಉಲ್ಲೇಖಗಳನ್ನು. ಇಪ್ಪತ್ತು ವರ್ಷ ರೋಗಿಗಳ ಬೆನ್ನುಹತ್ತಿ ಒಂದೇ ಲೇಖನ ಬರೆದವರು ಈ ಆಟದಲ್ಲಿ ಹಿಂದೆ ಬೀಳುತ್ತಾರೆ. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಬಡ್ತಿಗೂ ಪ್ರಕಟಣೆ ಬೇಕಾದ್ದರಿಂದ ಬರೆಯಲೇಬೇಕೆಂದು ಬರೆದ ಲೇಖನಗಳಿಗೂ ಬರವಿಲ್ಲ. ಹಾಗಂತ ಸೈಟೇಶನ್ ಇದ್ದವರೆಲ್ಲ ಕಾಗದದ ಹುಲಿಗಳು ಎಂದೂ ಅಲ್ಲ. ಸಂಶೋಧನೆ ಮಾಡುವವರು ತಮ್ಮ ರೋಗಿಗಳ ಲೆಕ್ಕ ಇಟ್ಟಿರುವ ಸಂಭವ ಹೆಚ್ಚು, ಅದು ನಿಮಗೆ ಅನುಕೂಲವೇ. ಇತ್ತ ಸೊಟ್ಟ ಪಾದದ ಕೂಸುಗಳಿಗೆ ವಾರವಾರ ಪೊನ್ಸೆಟಿ ಪಟ್ಟಿ ಹಾಕುವ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಏನನ್ನೂ ಬರೆಯದಿರಬಹುದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಇನ್ನು ತಾಯಿಯವರ ವಿಚಾರ. ನಿಮ್ಮೂರ ಡಾಕ್ಟರನ್ನೇ ಕೇಳಿ: ವರ್ಷಕ್ಕೆ ಎಷ್ಟು ಮಂಡಿ ಬದಲಿಸುತ್ತೀರಿ? ಎಷ್ಟು ಜನಕ್ಕೆ ಕೀವಾಗಿದೆ, ಎಷ್ಟು ಜನಕ್ಕೆ ಮತ್ತೆ ಆಪರೇಷನ್ ಮಾಡಬೇಕಾಯಿತು? ಯಾವ ಕಂಪನಿಯ ಕೀಲು ಹಾಕುತ್ತೀರಿ, ಏಕೆ? ಆಮೇಲೆ ಫಿಸಿಯೋಥೆರಪಿ ಯಾರು ಮಾಡಿಸುತ್ತಾರೆ? ನೇರ ಉತ್ತರ ಕೊಟ್ಟರೆ ಅವರಲ್ಲೇ ಮಾಡಿಸಿ. ಮುಖ ಗಂಟಿಕ್ಕಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಅದಕ್ಕೂ ಮುಂಚೆ ವ್ಯಾಯಾಮ, ಮಾತ್ರೆ, ತೂಕ ಇಳಿಸುವುದು ಇವೆಲ್ಲ ಆಗಿವೆಯೇ ನೋಡಿ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನು ತಗೊಂಡು ಹೋಗಿ. ಹೊಸದು ತೆಗೆಸುವುದಾದರೆ ಮಲಗಿಸಿ ತೆಗೆದದ್ದಲ್ಲ, ನಿಲ್ಲಿಸಿ ತೆಗೆದದ್ದು ಇರಲಿ. ಮೈಭಾರ ಬಿದ್ದಾಗಲೇ ಕೀಲಿನ ಸವೆತ ಸರಿಯಾಗಿ ಕಾಣುವುದು.

- ಸಂಪಾದಕ