ನೀರೂ ನಿಲ್ಲುತ್ತಿಲ್ಲ ಅಂದರೆ ಕಾಯಬೇಡಿ

ಬಸುರಿನ 9ನೇ ವಾರ, ನೀರು ಕುಡಿದರೂ ವಾಂತಿ, 52 ಕೆಜಿ ಇದ್ದವರು 49ಕ್ಕೆ ಇಳಿದಿದ್ದೀರಿ. ಅತ್ತೆ 'ಬಸುರಿ ಅಂದ್ಮೇಲೆ ಇದ್ದದ್ದೇ' ಅಂತಾರೆ, ಡಾಕ್ಟರ ಹತ್ತಿರ ಹೋಗಲಾ ಅಂತ ಕೇಳಿದ್ದೀರಿ. ಹೋಗಿ, ಇವತ್ತೇ. ತೂಕ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದಿದೆ, ಇದು ಮಾಮೂಲಿ ವಾಂತಿ ಅಲ್ಲ. ಹೈಪರೆಮೆಸಿಸ್, ಅಂದರೆ ಬಸುರಿಯಲ್ಲಿ ಬರುವ ವಿಪರೀತ ವಾಂತಿಯ ಕಾಯಿಲೆ, ಇರಬಹುದು. ಮೂತ್ರದಲ್ಲಿ ಕೀಟೋನ್ (ಆಹಾರ ಸಾಲದೆ ಮೈ ಕೊಬ್ಬು ಕರಗಿಸುವಾಗ ಬರುವ ಅಂಶ) ಇದೆಯಾ ನೋಡುತ್ತಾರೆ, ಬೇಕಾದರೆ ಡ್ರಿಪ್ ಹಾಕುತ್ತಾರೆ. ಮೂತ್ರ ಕಡಿಮೆಯಾಗಿ ಗಾಢ ಹಳದಿ ಇದ್ದರೆ, ಎದ್ದು ನಿಂತರೆ ತಲೆ ಸುತ್ತಿದರೆ, ರಾತ್ರಿಯಾದರೂ ಸರಿ ಹೊರಡಿ.

ವಾಂತಿ ತಡೆಯುವ ಮಾತ್ರೆಗೆ ಹೆದರಬೇಡಿ. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಬಸುರಿಯರಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಿದ್ದಾರೆ. ನನಗೂ ಅದನ್ನೇ ಬರೆದಿದ್ದರು. ಹಗಲೆಲ್ಲ ನಿದ್ದೆ ಬರುತ್ತಿತ್ತು, ಅದು ಬೇರೆ ಮಾತು! ಕಬ್ಬಿಣದ ಮಾತ್ರೆಯಿಂದ ವಾಕರಿಕೆ ಜಾಸ್ತಿಯಾಗುತ್ತಿದ್ದರೆ ಅದನ್ನೂ ಹೇಳಿ, ಸುಮ್ನೆ ನೀವೇ ನಿಲ್ಲಿಸಬೇಡಿ.

ನನಗೆ ಒಗ್ಗರಣೆ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಟ. ತಣ್ಣಗಿನ ಮೊಸರನ್ನ ಮಾತ್ರ ನಿಂತಿತು. ಹಾಸಿಗೆಯಿಂದ ಏಳುವ ಮೊದಲೇ ಒಂದು ರಸ್ಕ್ ತಿನ್ನುತ್ತಿದ್ದೆ. ಓಆರ್‌ಎಸ್ ಲೋಟಗಟ್ಟಲೆ ಬೇಡ, ಚಮಚ ಚಮಚ ಕುಡಿಯಿರಿ. ಶುಂಠಿ ಸಣ್ಣ ವಾಕರಿಕೆಗೆ ಆಗುತ್ತದೆ, ಇಷ್ಟು ಜೋರಿದ್ದರೆ ಸಾಲದು. ಹೆಚ್ಚಿನವರಿಗೆ 20ನೇ ವಾರದ ಹೊತ್ತಿಗೆ ತಗ್ಗುತ್ತದೆ.

ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಕೇಳಿದರೆ ನಂಬುತ್ತಾರೆ, ಅಲ್ವಾ?