ಜರ್ಮನಿಗೆ ಓದಲು ಹೋದವರು ಮೊದಲು ಮಾಡಬೇಕಾದ ಕೆಲಸ ಯಾವುದು?

ಮಗಳು ದಾವಣಗೆರೆಯಿಂದ ಜರ್ಮನಿಗೆ ಓದಲು ಹೊರಟಿದ್ದಾಳೆ, ಇಳಿದ ಮೇಲೆ ಮೊದಲು ಏನು ಮಾಡಬೇಕು ಅಂತ ಕೇಳಿದ್ದೀರಿ. ವಿಳಾಸ ನೋಂದಣಿ. ಮನೆ ಸೇರಿದ 2 ವಾರದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ಮಾಡಿಸಬೇಕು. ಇದಕ್ಕೆ ‘ಅನ್ಮೆಲ್ಡುಂಗ್’ ಅಂತಾರೆ.

ಯಾಕೆ ಇಷ್ಟು ಅವಸರ ಅಂದ್ರೆ, ನೋಂದಣಿಯಾದಾಗ ಕೊಡುವ ಆ ಒಂದು ಹಾಳೆ ಇಲ್ಲದೆ ವಾಸದ ಪರವಾನಗಿ, ತೆರಿಗೆ ಸಂಖ್ಯೆ ಯಾವುದೂ ಮುಂದಕ್ಕೆ ಹೋಗಲ್ಲ. ಬಹಳಷ್ಟು ಬ್ಯಾಂಕುಗಳೂ ಅದನ್ನೇ ಕೇಳುತ್ತವೆ. ವೀಸಾಗೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಂತಿಷ್ಟೇ ಅಂತ ಹಣ ಬಿಡುವ ಖಾತೆ) ಕಟ್ಟಿದ ದುಡ್ಡು ತಿಂಗಳಿಗೆ 992 ಯೂರೊದಂತೆ ಕೈಸೇರಲು ಮಾಮೂಲಿ ಬ್ಯಾಂಕ್ ಖಾತೆಯೂ ಬೇಕಲ್ವಾ? ಅದಕ್ಕೇ ಮೊದಲ ತಿಂಗಳ ಖರ್ಚನ್ನು ಬೇರೆಯಾಗಿ ಕೊಟ್ಟು ಕಳಿಸಿ. ನೋಂದಣಿಗೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರು ಮಾತ್ರ ಸಾಲದು.

ಸೂಟ್‌ಕೇಸಿಗೆ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಹಾಕಿ. ಬೆಣ್ಣೆ, ತುಪ್ಪ ಮಾತ್ರ ಬೇಡ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡಲ್ಲ.